ಕೊಡಗಿನಲ್ಲಿ ಹಳೇ ಸಾಮಾನು ಹುಡುಕುವವರು ಯಾರಾದ್ರೂ ಇದ್ದೀರಾ?

ಕುಶಾಲನಗರ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಅರಸೀಕೆರೆ ಕಡೆಯವನು. ವರ್ಗವಾಗಿ ಕುಶಾಲನಗರಕ್ಕೆ ಬಂದಿದ್ದೇನೆ. ಶಾಲೆ ಬಿಟ್ಟರೆ ನನಗಿರುವ ಒಂದೇ ಹುಚ್ಚು ಹಳೇ ಸಾಮಾನಿನದು. ಹೆಂಡತಿ ಕಣ್ಣಲ್ಲಿ ಅದು ಗುಜರಿ.

ಈಗ ನಾನು ಹುಡುಕುತ್ತಿರುವುದು ಎರಡು. ಒಂದು, ಕೈಯಲ್ಲಿ ತಿರುಗಿಸಿ ಕಾಫಿಬೀಜ ಪುಡಿ ಮಾಡುವ ಕಬ್ಬಿಣದ ಮಿಷನ್ನು. ಕಾಫಿ ನಾಡಿಗೇ ಬಂದು ಅದಿಲ್ಲದೆ ವಾಪಸ್ ಹೋದರೆ ಹೇಗೆ? ಇನ್ನೊಂದು, ವಾಲ್ವ್ ರೇಡಿಯೋ, ಅಂದರೆ ಟ್ರಾನ್ಸಿಸ್ಟರ್ ಬರುವ ಮುಂಚಿನ, ಒಳಗೆ ಗಾಜಿನ ವಾಲ್ವ್ ಇರುವ ಸೆಟ್ಟು. ಅದು ಅಪ್ಪನಿಗೆ. ಅವರ ಹಳೇ ಮರ್ಫಿ ಸೆಟ್ಟನ್ನು ಮನೆ ಕಟ್ಟುವಾಗ ಯಾರೋ ಎತ್ತಿಕೊಂಡು ಹೋದರು. ಇವತ್ತಿಗೂ ಅದರ ಮಾತು ನಿಂತಿಲ್ಲ.

ಇಲ್ಲಿ ಮಂಗಳವಾರದ ಸಂತೆ ಸುತ್ತಿದೆ. ಈರುಳ್ಳಿ, ಒಣಮೀನು, ಚಪ್ಪಲಿ, ಪ್ಲಾಸ್ಟಿಕ್ ಬಕೆಟ್. ಹಳೇದು ಅಂತ ಸಿಕ್ಕಿದ್ದು ತುಕ್ಕು ಹಿಡಿದ ಬೀಗಗಳ ಒಂದು ರಾಶಿ ಮಾತ್ರ. ಆಮೇಲೆ ಹೈವೇ ಪಕ್ಕದ ಅಂಗಡಿಯೊಂದಕ್ಕೆ ಹೋದೆ. ಹೊರಗೆ ಗಾಡಿ ಚಕ್ರ ಒರಗಿಸಿಟ್ಟಿದ್ದರು. ಒಳಗೆ ಹೋದ ತಕ್ಷಣ ತೂಗುದೀಪ ತೋರಿಸಿದರು, ‘ಇನ್ನೂರು ವರ್ಷದ್ದು ಸಾರ್’ ಅಂದರು. ಹನುಮಂತನ ಚಿತ್ರವಿರುವ ಈಸ್ಟ್ ಇಂಡಿಯಾ ಕಂಪನಿಯ 1818ರ ನಾಣ್ಯ ತೋರಿಸಿದರು. ಕೊನೆಗೆ ಒಳಗಿಂದ ಗೋಣಿಚೀಲ ತಂದು ಬಿಚ್ಚಿದರು. ಹಲಗೆಗೆ ಕೂರಿಸಿದ ಜಿಂಕೆ ಕೊಂಬಿನ ಜೋಡಿ! ‘ಸಾಹೇಬ್ರ ಬಂಗಲೆಯದ್ದು, ನಿಮಗೆ ಅಂತ ಕಮ್ಮಿಗೆ’ ಅಂತೆ.

ಏನೂ ತಗೊಳ್ಳದೆ ಬಂದೆ. ಆದರೆ ಕೊಂಬು ಚೆನ್ನಾಗಿತ್ತು, ಸುಳ್ಳು ಹೇಳಲ್ಲ.

ಈ ಕಡೆ ನಿಜವಾದ ಹಳೇ ಸಾಮಾನು ಎಲ್ಲಿ ಸಿಗುತ್ತೆ? ಯಾವ ಸಂತೆಗೆ ಹೋಗಬೇಕು? ಹೊಸದನ್ನು ಹಳೇದು ಮಾಡಿ ಕೊಟ್ಟರೆ ಕಂಡುಹಿಡಿಯುವುದು ಹೇಗೆ? ಗೊತ್ತಿರುವವರು ದಯವಿಟ್ಟು ಹೇಳಿ.

---

ತೋಟದ_ರೈಟರ್

ಮೇಷ್ಟ್ರೇ, ಮೊದಲು ಆ ಕೊಂಬು. ಬೇಡ. ಮತ್ತೆ ಆ ಅಂಗಡಿ ಕಡೆ ಹೋದರೂ ಆ ಚೀಲ ಬಿಚ್ಚಿಸಬೇಡಿ.

1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಕೊಂಬು, ದಂತ, ಉಗುರು, ಚರ್ಮ ಯಾವುದನ್ನೂ ಹೀಗೆ ಕೊಳ್ಳುವ ಹಾಗಿಲ್ಲ, ಮಾರುವ ಹಾಗಿಲ್ಲ. ಕಾಡಿನಲ್ಲಿ ತಾನಾಗಿ ಉದುರಿದ ಕೊಂಬಾದರೂ ಅಷ್ಟೇ. ಹಳೇ ಬಂಗಲೆಗಳಲ್ಲಿ ಗೋಡೆ ತುಂಬ ಇಂಥವು ಇದ್ದದ್ದು ನಿಜ. ದೊರೆಗಳು ಬೇಟೆಯಾಡಿ, ಸತ್ತ ಪ್ರಾಣಿಯನ್ನು ಕೆಡದಂತೆ ತುಂಬಿಸಿಡುವ ಮೈಸೂರಿನ ವ್ಯಾನ್ ಇಂಗೆನ್ ಅವರ ಹತ್ತಿರ ತುಂಬಿಸಿ ತರಿಸುತ್ತಿದ್ದರು. ಆ ಕಾರ್ಖಾನೆಯೂ 1999ರಲ್ಲಿ ಮುಚ್ಚಿತು. ಮನೆಯಲ್ಲಿ ಹಿಂದಿನಿಂದ ಇದ್ದದ್ದನ್ನು ಘೋಷಿಸಿಕೊಳ್ಳಲು 2003ರಲ್ಲಿ ಒಂದು ಅವಕಾಶ ಕೊಟ್ಟಿದ್ದರು. ಹಾಗೆ ಮಾಲೀಕತ್ವದ ಸರ್ಟಿಫಿಕೇಟ್ ಪಡೆದವರೂ ಅದನ್ನು ಇಟ್ಟುಕೊಳ್ಳಬಹುದು, ಮಾರುವಂತಿಲ್ಲ. ಇನ್ನು ಗೋಣಿಚೀಲದಿಂದ ಬಂದದ್ದಕ್ಕೆ ಯಾವ ಕಾಗದ? ಸರ್ಕಾರಿ ಕೆಲಸದಲ್ಲಿದ್ದೀರಿ, ಸುಮ್ನೆ ಫಾರೆಸ್ಟಿನವರ ಸಹವಾಸ ಯಾಕೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ನಾನು ಸುಂಟಿಕೊಪ್ಪ ಕಡೆ ತೋಟದಲ್ಲಿ ರೈಟರ್ ಆಗಿದ್ದವನು. ಜೀವನವೆಲ್ಲ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಬರೆದೆ. ಅದರ ಜೊತೆಗೆ ತೋಟದಿಂದ ಗುಜರಿಗೆ ಹೋಗುವ ಪ್ರತಿ ಲೋಡನ್ನೂ ನಾನೇ ತೂಕ ಹಾಕಿಸಿ ಕಳಿಸಬೇಕಿತ್ತು. ಕಣ್ಣು ಪಳಗಿದ್ದು ಅಲ್ಲಿಯೇ.

ಸಂತೆಯಲ್ಲಿ ಹುಡುಕುವುದು ಕಾಲಿಗೆ ಕೆಲಸ, ಅಷ್ಟೇ. ಸೋಮವಾರ ಸೋಮವಾರಪೇಟೆ, ಬುಧವಾರ ವಿರಾಜಪೇಟೆ, ಶುಕ್ರವಾರ ಮಡಿಕೇರಿ, ಶನಿವಾರ ಶನಿವಾರಸಂತೆ, ಭಾನುವಾರ ಗೋಣಿಕೊಪ್ಪ. ಎಲ್ಲ ಕಡೆ ಕತೆ ಒಂದೇ. ತರಕಾರಿ ಸಾಲು ಮುಗಿದು ಕತ್ತಿ, ಗುದ್ದಲಿ, ಹಾರೆ ಮಾರುವವರ ಹತ್ತಿರ ಬನ್ನಿ. ಅವರ ಪಕ್ಕದಲ್ಲಿ ಕೆಲವು ಸಲ ಒಬ್ಬ ಟಾರ್ಪಾಲ್ ಹಾಸಿಕೊಂಡು ಹಳೇ ಸ್ಪ್ಯಾನರ್, ಬೀಗ, ತಕ್ಕಡಿ ಬಟ್ಟು ಇಟ್ಟುಕೊಂಡು ಕೂತಿರುತ್ತಾನೆ. ಅವನು ಸಿಕ್ಕರೆ ಮಾತಾಡಿಸಿ. ಅವನ ಟಾರ್ಪಾಲಿಗಿಂತ ಅವನ ಮನೆ ಹಿಂದಿನ ಶೆಡ್ಡು ಮುಖ್ಯ.

ನಿಜವಾದ ಸಾಮಾನು ಬರುವುದು ಗುಜರಿ ಗಾಡಿಯಲ್ಲಿ. ಮೈಕ್ ಹಾಕಿಕೊಂಡು ‘ಹಳೇ ಕಬ್ಬಿಣ, ಹಳೇ ಪಾತ್ರೆ, ಬ್ಯಾಟ್ರಿ’ ಅಂತ ತೋಟದ ಲೈನ್ ಮನೆಗಳ (ಆಳುಗಳ ಸಾಲು ಮನೆ) ತನಕ ಹೋಗುತ್ತಾರಲ್ಲ, ಅವರ ಗಾಡಿ. ಅವರ ಗೋದಾಮಿನಲ್ಲಿ ಎಲ್ಲವೂ ಕೆಜಿ ಲೆಕ್ಕ. ಹಿತ್ತಾಳೆ ಒಂದು ಮೂಲೆ, ತಾಮ್ರ ಒಂದು ಮೂಲೆ, ಬೀಡು, ಅಂದರೆ ಎರಕದ ಕಬ್ಬಿಣ, ಒಂದು ಮೂಲೆ. ನಿಮ್ಮ ಕಾಫಿ ಮಿಷನ್ ಬೀಡಿನ ಮೂಲೆಯಲ್ಲಿ ಮುರಿದ ಪಂಪ್‌ಸೆಟ್ ಕೆಳಗೆ ಬಿದ್ದಿರುತ್ತದೆ. ಅದು ಲಾರಿ ಹತ್ತಿ ಕರಗಿಸಲು ಹೋಗುವ ಮೊದಲು ನೀವು ಅಲ್ಲಿರಬೇಕು.

ಯಾವಾಗ ಹೋಗಬೇಕು ಅನ್ನುವುದು ಎಲ್ಲಿಗೆ ಹೋಗಬೇಕು ಅನ್ನುವುದಕ್ಕಿಂತ ದೊಡ್ಡದು. ಏಪ್ರಿಲ್, ಮೇ. ಮಳೆಗೆ ಮೊದಲು ಇಲ್ಲಿ ಹೆಂಚಿನ ಮನೆಯವರೆಲ್ಲ ಹೆಂಚು ಕೈಯಾಡಿಸುತ್ತಾರೆ. ಹೆಂಚು ತೆಗೆಯಬೇಕಾದರೆ ಅಟ್ಟ ಖಾಲಿ ಮಾಡಬೇಕು. ಮೂರು ತಲೆಮಾರು ಮೇಲಕ್ಕೆ ಎಸೆದದ್ದು ಅವತ್ತು ಅಂಗಳಕ್ಕೆ ಇಳಿಯುತ್ತದೆ. ಅಜ್ಜಿ ‘ಇರಲಿ’ ಅನ್ನುತ್ತಾರೆ, ಸೊಸೆ ‘ಸಾಕು’ ಅನ್ನುತ್ತಾಳೆ, ಆ ಹೊತ್ತಿಗೆ ಸರಿಯಾಗಿ ಗುಜರಿ ಗಾಡಿ ಬರುತ್ತದೆ. ಜೂನ್ ಹಿಡಿದು ಮಳೆ ಕಡಿಮೆಯಾಗುವ ತನಕ ಯಾರೂ ಏನೂ ಹೊರಗೆ ತೆಗೆಯುವುದಿಲ್ಲ. ನವೆಂಬರಿನಿಂದ ಕಾಫಿ ಕೊಯ್ಲು, ಯಾರಿಗೂ ಪುರುಸೊತ್ತಿಲ್ಲ.

ಇಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅಂತ ತೀರ್ಮಾನ ಮಾಡುವುದೂ ಮಳೆಯೇ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಮೀಟರಿಗೂ ಜಾಸ್ತಿ ಬೀಳುತ್ತದೆ. ಪುಸ್ತಕ, ಫೋಟೋ, ಚರ್ಮದ ಪೆಟ್ಟಿಗೆ, ಬಟ್ಟೆ ಎಲ್ಲಕ್ಕೂ ಬೂಷ್ಟು ಹಿಡಿದು ಹೋಗುತ್ತದೆ. ತಗಡಿನ ಆಟಿಕೆ ಒಂದೂ ಸರಿಯಾಗಿ ಉಳಿದದ್ದನ್ನು ನಾನು ನೋಡಿಲ್ಲ. ಉಳಿಯುವುದು ಬೀಡು, ಹಿತ್ತಾಳೆ, ಕಂಚು, ಪಿಂಗಾಣಿ, ಬೀಟೆ ಮರ. ಒಲೆ ಮೇಲಿನ ಅಟ್ಟದಲ್ಲಿ ಇದ್ದದ್ದಾದರೆ ಹೊಗೆ ಕುಡಿದು ಕಪ್ಪಾಗಿರುತ್ತದೆ, ಆದರೆ ಗಟ್ಟಿ ಇರುತ್ತದೆ. ಮಸಿ ನೋಡಿ ಮೂಗು ಮುರಿಯಬೇಡಿ. ಕಾಗದದ ಸಾಮಾನು ಬೇಕಾದರೆ ನಿಮ್ಮ ಕುಶಾಲನಗರವೇ ವಾಸಿ, ಆ ಕಡೆ ಮಳೆ ಕಮ್ಮಿ. ನಿಮ್ಮ ಊರಿನ ಹಳೇ ಹೆಸರು ಫ್ರೇಸರ್‌ಪೇಟೆ ಅಂತ ಅಂಚೆ ಮುದ್ರೆ ಬಿದ್ದ ಕಾರ್ಡು, ಕೂರ್ಗ್ ರಾಜ್ಯದ ಕಾಲದ ಛಾಪಾ ಕಾಗದ ಇಂಥವು ಹಳೇ ಮಂಡಿ ಅಂಗಡಿಗಳ ಲೆಕ್ಕದ ಕಟ್ಟಿನಲ್ಲಿ ಸಿಗುತ್ತವೆ. 1956ರ ನವೆಂಬರ್ ತನಕ ಕೊಡಗು ಬೇರೆ ರಾಜ್ಯ ಅಲ್ವಾ, ಹಾಗಾಗಿ ಅಂಥ ಕಾಗದದ ಕಾಲ ಗೊತ್ತುಮಾಡುವುದು ಸುಲಭ.

ಈಗ ಮಿಷನ್ನು. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ನನ್ನ ಅಡುಗೆಮನೆಯಲ್ಲಿ ಇವತ್ತಿಗೂ ಒಂದು ಓಡುತ್ತಿದೆ.

ಈ ಕಡೆ ಸಿಗುವ ವಿಲಾಯತಿ ಮಿಷನ್ನುಗಳಲ್ಲಿ ಸ್ಪಾಂಗ್, ಕೆನ್ರಿಕ್ ಅಂತ ಎರಡು ಹೆಸರು ನೆನಪಿಟ್ಟುಕೊಳ್ಳಿ. ಸ್ಪಾಂಗ್ ಆದರೆ ಬೀಡಿನ ಮೈ ಮೇಲೇ ಹೆಸರು ಎರಕದಲ್ಲಿ ಬಂದಿರುತ್ತದೆ, ಜೊತೆಗೆ ಸೈಜಿನ ನಂಬರು. ಮೇಜಿಗೋ ಗೋಡೆಗೋ ಬೋಲ್ಟು ಹಾಕಿ ಕೂರಿಸುವುದು. ಕೆನ್ರಿಕ್ಕಿನದು ಪೆಟ್ಟಿಗೆ ಥರ, ಮೇಲೆ ಹಿತ್ತಾಳೆ ಬಟ್ಟಲು, ಕೆಳಗೆ ಪುಡಿ ಬೀಳುವ ಡ್ರಾಯರ್, ಮುಂದೆ ಪುಟ್ಟ ಹಿತ್ತಾಳೆ ಪಟ್ಟಿಯಲ್ಲಿ ಹೆಸರು. ಪಟ್ಟಿ ಕಿತ್ತುಹೋಗಿದ್ದರೂ ಅದನ್ನು ಕೂರಿಸಿದ್ದ ತೂತುಗಳು ಇರುತ್ತವೆ.

ಸಿಕ್ಕಿದ ತಕ್ಷಣ ಬಣ್ಣ ನೋಡಬೇಡಿ. ಹಿಡಿ ಹಿಡಿದು ಖಾಲಿಯಾಗಿ ತಿರುಗಿಸಿ. ಸಲೀಸಾಗಿ ತಿರುಗಬೇಕು. ಆಮೇಲೆ ಪುಡಿ ಸಣ್ಣ ದಪ್ಪ ಮಾಡುವ ತಿರುಪನ್ನು ನಿಧಾನಕ್ಕೆ ಬಿಗಿ ಮಾಡುತ್ತಾ ತಿರುಗಿಸಿ. ಒಂದು ಹಂತದಲ್ಲಿ ಒಳಗಿನ ಹಲ್ಲುಗಳು ಒಂದಕ್ಕೊಂದು ತಾಗಿ ಸರ್ ಅನ್ನುತ್ತವೆ. ಆ ಸದ್ದು ಸುತ್ತು ಪೂರ್ತಿ ಒಂದೇ ಥರ ಬಂದರೆ ಮಿಷನ್ ನೆಟ್ಟಗಿದೆ. ಸುತ್ತಿನಲ್ಲಿ ಒಂದೇ ಕಡೆ ಉಜ್ಜಿ ಇನ್ನೊಂದು ಕಡೆ ಸುಮ್ಮನಾದರೆ ನಡುವಿನ ದಂಡ ಬಾಗಿದೆ ಅಥವಾ ಅದು ಕೂರುವ ತೂತು ಸವೆದಿದೆ. ಅಂಥದ್ದನ್ನು ಶೋಕೇಸಿಗೆ ತಗೊಳ್ಳಿ, ಕಾಫಿಗೆ ಬೇಡ. ಮುಂದಿನ ಮುಚ್ಚಳ ಬಿಚ್ಚಲು ಬಿಟ್ಟರೆ ಹಲ್ಲಿನ ಅಂಚಿನ ಮೇಲೆ ಉಗುರು ಎಳೆದು ನೋಡಿ. ಉಗುರು ತಡೆಯಬೇಕು. ಜಾರಿದರೆ ಹಲ್ಲು ಮೊಂಡು.

ಬೀಡಿಗೆ ವೆಲ್ಡಿಂಗ್ ಹಾಕಿದ್ದು ಕಂಡರೆ ಬಿಟ್ಟುಬಿಡಿ. ಹಿಡಿ ಕೂರುವ ಜಾಗ, ಬಟ್ಟಲಿನ ಅಂಚು, ಬೋಲ್ಟಿನ ಕಾಲು, ಈ ಮೂರು ಕಡೆ ಸೀಳು ಹುಡುಕಿ. ಹಿಡಿಯ ಮರದ ಗುಂಡು ಇಲ್ಲದಿದ್ದರೆ ತೊಂದರೆ ಇಲ್ಲ, ಆಚಾರಿ ಹತ್ರ ಮಾಡಿಸಬಹುದು. ಪುಡಿ ಬೀಳುವ ತಟ್ಟೆಯಂತೂ ನೂರಕ್ಕೆ ತೊಂಬತ್ತಕ್ಕೆ ಇರಲ್ಲ. ಲೋಟ ಇಡಿ.

ಮನೆಗೆ ತಂದು ನೀರಲ್ಲಿ ತೊಳೆಯಬೇಡಿ. ಒಣ ತಂತಿ ಬ್ರಷ್ಷಿನಲ್ಲಿ ಉಜ್ಜಿ, ಹಳೇ ಹುರಿದ ಬೀಜ ಎರಡು ಹಿಡಿ ಅರೆದು ಚೆಲ್ಲಿ. ಬಟ್ಟಲಿನ ಒಳಗೆ ಹಳೇ ಬಣ್ಣ ಏಳುತ್ತಿದ್ದರೆ ಪೂರ್ತಿ ತೆಗೆಸಿ, ಆ ಕಾಲದ ಬಣ್ಣದಲ್ಲಿ ಸೀಸ ಇರುತ್ತಿತ್ತು. ಹಸಿ ಬೀಜ ಹಾಕಿ ಪೌರುಷ ತೋರಿಸಬೇಡಿ, ಅದು ಕಲ್ಲು.

ರೇಟು? ಗುಜರಿಯವನಿಗೆ ಅದು ಬೀಡು, ಹೈವೇ ಅಂಗಡಿಯವನಿಗೆ ಅದು ಟೂರಿಸ್ಟಿನ ಸಂಬಳ. ಗುಜರಿಯವನಿಗೆ ಕೆಜಿ ಲೆಕ್ಕಕ್ಕಿಂತ ನಾಲ್ಕೈದು ಪಟ್ಟು ಕೊಟ್ಟರೂ ನಿಮಗೆ ಲಾಭವೇ. ಅವನ ಹತ್ತಿರ ಜಾಸ್ತಿ ಚೌಕಾಸಿ ಮಾಡಬೇಡಿ. ಒಂದು ಸಲ ನಾಲ್ಕು ಕಾಸು ಜಾಸ್ತಿ ಕೊಟ್ಟವನ ನಂಬರನ್ನು ಅವನು ಮರೆಯುವುದಿಲ್ಲ. ಮುಂದಿನ ಸಲ ಮಿಷನ್ ಬಂದರೆ ಫೋಟೋ ನಿಮ್ಮ ಮೊಬೈಲಿಗೇ ಬರುತ್ತದೆ.

ಒಂದು ಮಾತು ಸೇರಿಸುತ್ತೇನೆ. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿ ಎಷ್ಟೋ ಮನೆ ಹೋದವಲ್ಲ, ಆಮೇಲಿನ ತಿಂಗಳುಗಳಲ್ಲಿ ಗೋದಾಮಿಗೆ ಬಂದ ಪಾತ್ರೆಗಳ ಒಳಗೆ ಕೆಂಪು ಮಣ್ಣು ಒಣಗಿ ಅಂಟಿತ್ತು. ಆ ವರ್ಷ ನಾನು ಏನನ್ನೂ ತಗೊಳ್ಳಲಿಲ್ಲ. ತಗೊಂಡವರು ಇದ್ದರು. ಬೆಂಗಳೂರಿಂದ ಕಾರಿನಲ್ಲಿ ಬಂದಿದ್ದರು.

---

ವಾಲ್ವ್_ಗೋಣಿಕೊಪ್ಪ

ರೈಟರ್ ಸಾರ್ ಮಿಷನ್ ಬಗ್ಗೆ ಬರೆದ ಮೇಲೆ ನಾನು ರೇಡಿಯೋ ಬಗ್ಗೆ ಬರೆಯದಿದ್ದರೆ ಹೇಗೆ. ರಿಪೇರಿ ನನ್ನ ಕೆಲಸ.

ಮೇಷ್ಟ್ರೇ, ಸೆಟ್ಟು ಸಿಕ್ಕಿದ ಖುಷಿಯಲ್ಲಿ ಮನೆಗೆ ತಂದು ಸೀದಾ ಪ್ಲಗ್ಗಿಗೆ ಹಾಕಬೇಡಿ! ಹಳೇ ಸೆಟ್ಟುಗಳು ಸಾಯುವುದು ಅಟ್ಟದ ಮೇಲೆ ಅಲ್ಲ, ಆ ಹತ್ತು ಸೆಕೆಂಡಿನಲ್ಲಿ. ಒಳಗಿನ ಪೇಪರ್ ಕೆಪ್ಯಾಸಿಟರುಗಳು ತೇವ ಕುಡಿದು ಹಾಳಾಗಿರುತ್ತವೆ. ಕೊಡಗಿನಲ್ಲಂತೂ ಕೇಳಲೇ ಬೇಡಿ. ಕರೆಂಟ್ ಕೊಟ್ಟ ತಕ್ಷಣ ಅವು ಶಾರ್ಟ್ ಆಗಿ ಟ್ರಾನ್ಸ್‌ಫಾರ್ಮರನ್ನೂ ಸುಟ್ಟುಬಿಡುತ್ತವೆ. ಟ್ರಾನ್ಸ್‌ಫಾರ್ಮರ್ ಹೋದರೆ ಸೆಟ್ಟಿನ ಕತೆ ಮುಗೀತು.

ರಿಪೇರಿಯವನ ಹತ್ರ ತಗೊಂಡು ಹೋಗಿ. ಅವನು ಸೀರೀಸ್ ಬಲ್ಬ್, ಅಂದರೆ ಸೆಟ್ಟಿಗೆ ಕರೆಂಟ್ ಹೋಗುವ ದಾರಿಯಲ್ಲೇ ಒಂದು ಬಲ್ಬ್, ಹಾಕಿ ಶುರು ಮಾಡುತ್ತಾನಾ ನೋಡಿ. ಹಳೇ ಕಾಲದ ತಂತಿ ಬಲ್ಬ್, 60 ಅಥವಾ 100 ವ್ಯಾಟ್. ಎಲ್‌ಇಡಿ ಆಗಲ್ಲ. ಬಲ್ಬು ಜೋರಾಗಿ ಉರಿದು ಹಾಗೇ ನಿಂತರೆ ಒಳಗೆ ಶಾರ್ಟ್ ಇದೆ. ಒಂದು ಸಲ ಮಿನುಗಿ ಮಂಕಾದರೆ ಮುಂದುವರಿಯಬಹುದು. ಈ ಬಲ್ಬ್ ಇಲ್ಲದ ರಿಪೇರಿಯವನಿಗೆ ವಾಲ್ವ್ ಸೆಟ್ ಕೊಡಬೇಡಿ, ಅವನು ನನ್ನ ಸ್ನೇಹಿತನಾದರೂ ಸರಿ.

ಹಿಂದಿನ ರಟ್ಟು ಬಿಚ್ಚಿ ನೀವೇ ಕೈ ಹಾಕಬೇಡಿ. ಒಳಗೆ 250 ವೋಲ್ಟಿನ ಸುತ್ತಮುತ್ತ ಓಡುತ್ತಿರುತ್ತದೆ, ಪ್ಲಗ್ ತೆಗೆದ ಮೇಲೂ ಕೆಪ್ಯಾಸಿಟರಿನಲ್ಲಿ ಸ್ವಲ್ಪ ಹೊತ್ತು ಉಳಿಯುತ್ತದೆ. ಎಸಿ ಡಿಸಿ ಎರಡರಲ್ಲೂ ಓಡುವ ಸೆಟ್ಟುಗಳಲ್ಲಿ ಒಳಗಿನ ತಗಡಿಗೇ ಕರೆಂಟ್ ಇರಬಹುದು. ಗುಂಡಿ ಕಿತ್ತುಹೋದ ಕಬ್ಬಿಣದ ಕಡ್ಡಿ ಮುಟ್ಟಿದರೂ ಹೊಡೆಯುತ್ತದೆ.

ಕೊಳ್ಳುವಾಗ ಏನು ನೋಡಬೇಕು ಅಂದರೆ, ಮೊದಲು ಡಯಲ್ ಗಾಜು. ಊರುಗಳ ಹೆಸರು ಬರೆದಿರುವ ಆ ಗಾಜು ಒಡೆದಿದ್ದರೆ ಇನ್ನೊಂದು ಸಿಗುವುದಿಲ್ಲ. ವಾಲ್ವ್ ಸಿಗುತ್ತದೆ. ಇಸಿಎಚ್ 81, ಇಎಲ್ 84 ಇಂಥವೆಲ್ಲ ಇವತ್ತಿಗೂ ಹುಡುಕಿದರೆ ಇವೆ. ಸ್ಪೀಕರ್ ಬಟ್ಟೆ ಇಲಿ ತಿಂದಿದ್ದರೆ ಬದಲಾಯಿಸಬಹುದು. ಮರದ ಪೆಟ್ಟಿಗೆಯ ಕೆಳಗಡೆ ಬೆರಳಿಂದ ಒತ್ತಿ. ಹಲ್ವದ ಥರ ಒಳಗೆ ಹೋದರೆ ಬೇಡ.

ಇನ್ನೊಂದು ವಿಷಯ ಅಪ್ಪನಿಗೆ ಮೊದಲೇ ಹೇಳಿಬಿಡಿ. ಮಡಿಕೇರಿ ಆಕಾಶವಾಣಿ ಎಫ್‌ಎಂ, ಮರ್ಫಿಯಲ್ಲಿ ಬರಲ್ಲ. ಮೀಡಿಯಂ ವೇವ್‌ನಲ್ಲಿ ಬೆಂಗಳೂರು 612 ಹುಡುಕಬೇಕು. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಎಲ್ಲ ಆಫ್ ಮಾಡಿ, ಇಲ್ಲಾಂದ್ರೆ ಬರೀ ಗರಗರ.

ಎಚ್‌ಎಂಟಿ ವಾಚ್ ಬಗ್ಗೆ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಕೇಳುವವರು ಬಂದೇ ಬರುತ್ತಾರೆ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಲ್ಲಿ ಶುರುವಾದ ವಾಚ್ ವಿಭಾಗ, 2016ರಲ್ಲಿ ಬಾಗಿಲು ಹಾಕಿತು. ಬಾಗಿಲು ಹಾಕಿದ್ದೇ ತಡ, ಎಲ್ಲರಿಗೂ ಜನತಾ, ಪೈಲಟ್ ಬೇಕು. ಆನ್‌ಲೈನಿನಲ್ಲಿ ನೇರಳೆ, ಕಿತ್ತಳೆ, ಗಿಳಿಹಸಿರು ಡಯಲಿನ ಪೈಲಟ್ ಬರುತ್ತವೆ. ಅವೆಲ್ಲ ಹಳೇ ಡಯಲಿಗೆ ಹೊಸ ಬಣ್ಣ. ಭೂತಗನ್ನಡಿ ಇಟ್ಟು ನಿಮಿಷದ ಗೆರೆ ನೋಡಿ. ಅಚ್ಚಿನ ಗೆರೆ ಸಮ ಇರುತ್ತದೆ, ಮತ್ತೆ ಬರೆದದ್ದು ಒಂದು ದಪ್ಪ ಒಂದು ಸಣ್ಣ. ಮಸುಕಾಗಿ ಕಲೆ ಬಿದ್ದ ಡಯಲಿನ ಜನತಾ ನಿಮ್ಮ ಪಕ್ಕದ ಮನೆ ತಾತನ ಹತ್ರ ಇದ್ದರೆ ಅದೇ ಅಸಲಿ.

---

ವಿರಾಜಪೇಟೆಯವಳು

ಇಲ್ಲಿಯವರೆಗೆ ಎಲ್ಲ ಸರಿ. ಆ ತೂಗುದೀಪದ ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ಹೇಳುತ್ತೇನೆ.

ನಮ್ಮ ಕೊಡವರಲ್ಲಿ ಐನ್‌ಮನೆಯ, ಅಂದರೆ ಕುಲದ ಮೂಲ ಮನೆಯ, ನಡುವಿನಲ್ಲಿ ತೂಗುವ ದೀಪಕ್ಕೆ ತೂಕ್ ಬೊಳ್‌ಚ ಅನ್ನುತ್ತೇವೆ. ಅದು ಒಬ್ಬರದ್ದಲ್ಲ, ಒಕ್ಕದ್ದು, ಅಂದರೆ ಇಡೀ ಕುಲದ್ದು. ಇಡೀ ಒಕ್ಕ ಸೇರಿ ಮಾರಲು ಒಪ್ಪಿದ್ದನ್ನು ನಾನು ಕೇಳಿಲ್ಲ. ಹಾಗಾಗಿ ಅಂಗಡಿಯಲ್ಲಿ ‘ಕೊಡವ ಮನೆಯ ಇನ್ನೂರು ವರ್ಷದ ದೀಪ’ ಅಂತ ಯಾರಾದರೂ ತೋರಿಸಿದರೆ ಎರಡೇ ಸಾಧ್ಯತೆ. ಒಂದು, ಅದು ಹೊಸದು. ಇನ್ನೊಂದು, ಯಾರೋ ಒಬ್ಬ ಉಳಿದವರಿಗೆ ಹೇಳದೆ ಇಳಿಸಿಕೊಂಡು ಬಂದದ್ದು. ಎರಡೂ ನಿಮಗೆ ಬೇಡದ್ದು, ಅಲ್ವಾ?

ಹೆಚ್ಚಿನವು ಹೊಸದೇ ಇರುತ್ತವೆ. ಉತ್ತರದ ಮುರಾದಾಬಾದಿನಿಂದ ಲೋಡುಗಟ್ಟಲೆ ಹಿತ್ತಾಳೆ ಬರುತ್ತದೆ, ಆಸಿಡ್ ಹಾಕಿ ಹಸಿರು ಬರಿಸುತ್ತಾರೆ. ಕಂಡುಹಿಡಿಯುವುದು ಕಷ್ಟ ಅಲ್ಲ. ನಿಜವಾದ ದೀಪ ಎಲ್ಲ ಕಡೆ ಒಂದೇ ಥರ ಹಳೇದಾಗಿರುವುದಿಲ್ಲ. ಸರಪಳಿಯ ಕೊಂಡಿ ಕೊಂಡಿಗೆ ಉಜ್ಜಿ ಒಳಗಡೆ ತೆಳ್ಳಗಾಗಿರುತ್ತದೆ. ಬತ್ತಿ ಇಡುವ ಮೂತಿ ಕಪ್ಪು ಹಿಡಿದು ಎಣ್ಣೆಯ ಜಿಡ್ಡು ಗಟ್ಟಿಯಾಗಿರುತ್ತದೆ. ತಳದಲ್ಲಿ ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಗೆರೆಗಳು ಅಳಿಸಿರುತ್ತವೆ. ಹಸಿರು ಬರುವುದು ಕೈ ತಲುಪದ ಸಂದಿಯಲ್ಲಿ ಮಾತ್ರ. ಮಾರುವವನ ದೀಪದಲ್ಲಿ ಹಸಿರು ಹೊಟ್ಟೆಯ ಮೇಲಿರುತ್ತದೆ, ಕೊಂಡಿಗಳು ಹೊಚ್ಚ ಹೊಸ ದುಂಡಗಿರುತ್ತವೆ.

ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ, ಅಗಲದ ಬಾಗಿದ ಒಡಿಕತ್ತಿಯದ್ದೂ ಇದೇ ಕತೆ. ಹೋಂಸ್ಟೇ ಗೋಡೆಗೆ ಅಂತ ತಗಡಿನಂಥ ಒಡಿಕತ್ತಿ ಮಾಡಿ ಮಾರುತ್ತಾರೆ. ಅದು ಬೇಕಾದವರು ತಗೊಳ್ಳಲಿ, ನನ್ನ ತಕರಾರಿಲ್ಲ. ಆದರೆ ಹಳೇ ಪೀಚೆಕತ್ತಿಯ ಹಿಡಿ ದಂತದ್ದಾಗಿದ್ದರೆ ಕೊಂಬಿಗೆ ರೈಟರ್ ಹೇಳಿದ ಮಾತು ಅದಕ್ಕೂ ಅನ್ವಯ. ಕೈಲ್‌ಪೊಳ್ದ್ ಹಬ್ಬಕ್ಕೆ, ಸೆಪ್ಟೆಂಬರ್ ಮೊದಲ ವಾರ, ಈ ಕತ್ತಿಗಳನ್ನೆಲ್ಲ ತೊಳೆದು ಒರೆಸಿ ಕನ್ನಿ ಕೋಂಬರೆಯಲ್ಲಿ (ದೇವರ ಕೋಣೆ) ಇಟ್ಟು ತೋಕ್ ಪೂ ಹೂ ಸಿಕ್ಕಿಸುತ್ತೇವೆ. ಹಬ್ಬದ ಹತ್ತಿರ ಯಾರಾದರೂ ಕತ್ತಿ ಮಾರಲು ಬಂದರೆ ಅವನ ಹಣಕಾಸು ಎಷ್ಟು ಕೆಟ್ಟಿರಬೇಕು ಅಂತ ನಾವು ಯೋಚಿಸುತ್ತೇವೆ.

ಕೋವಿಯಂತೂ ಕೈಯಿಂದಲೂ ಮುಟ್ಟಬೇಡಿ. ಕೊಡವರಿಗೆ, ಜಮ್ಮಾ ಅನ್ನುವ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿ ಇದೆ, 2029ರ ತನಕ ಮುಂದುವರಿಸಿದ್ದಾರೆ. ಅದು ಅವರಿಗೆ. ಅರಸೀಕೆರೆಗೆ ಅನ್ವಯಿಸಲ್ಲ ಮೇಷ್ಟ್ರೇ.

ಕೊಳ್ಳಲೇಬೇಕು ಅಂದರೆ ಅಡುಗೆ ಸಾಮಾನು ಕೊಳ್ಳಿ. ಅದಕ್ಕೆ ಯಾರ ಶಾಪವೂ ಇಲ್ಲ. ಕಡಂಬುಟ್ಟು (ಅಕ್ಕಿ ಕಡುಬು) ಬೇಯಿಸುವ ತಾಮ್ರದ ಪಾತ್ರೆ, ನೂಲ್‌ಪುಟ್ಟು (ಶಾವಿಗೆ) ಒತ್ತುವ ಮರದ ಒರಳು ಇವನ್ನೆಲ್ಲ ಗ್ಯಾಸ್ ಬಂದ ಮೇಲೆ ಮೂಲೆಗೆ ಹಾಕಿದ್ದೇವೆ. ನಮ್ಮ ಮನೆಯ ಒರಳು ಎತ್ತಲು ಇಬ್ಬರು ಬೇಕು. ಅದನ್ನು ಕೊಡಲ್ಲ, ಕೇಳಬೇಡಿ!

---

ಕುಶಾಲನಗರ_ಮೇಷ್ಟ್ರು

ಇಷ್ಟೆಲ್ಲ ಬರೆದಿದ್ದೀರಿ, ಎಲ್ಲರಿಗೂ ಥ್ಯಾಂಕ್ಸ್. ಅಕ್ಕ, ಒರಳು ಕೇಳಲ್ಲ. ಕೋವಿ ಕನಸಲ್ಲೂ ಇಲ್ಲ.

ನಾಣ್ಯದ ಬಗ್ಗೆ ಯಾರಾದರೂ ಹೇಳಿ. ಅಂಗಡಿಯವರು ಮತ್ತೆ ಫೋನ್ ಮಾಡಿದ್ದರು. ‘ಇದು ಅಕ್ಕಿ ಎಳೆಯುತ್ತೆ ಸಾರ್, ಬೇರೆಯವರು ಲಕ್ಷ ಕೊಡ್ತೀವಿ ಅಂತಿದ್ದಾರೆ’ ಅಂದರು. ಅಕ್ಕಿ ಎಳೆಯುವುದು ಅಂದರೇನು? ಇನ್ನೊಂದು, ಬೆಂಗಳೂರಿನ ಸಂಡೇ ಬಜಾರಿಗೋ ಕೊಚ್ಚಿಗೋ ಹೋದರೆ ಹೇಗೆ? ರಜೆ ಬರುತ್ತಿದೆ.

---

ತೋಟದ_ರೈಟರ್

ಆ ಫೋನ್ ನಂಬರ್ ಬ್ಲಾಕ್ ಮಾಡಿ, ಈಗಲೇ.

ಅದು ರೈಸ್ ಪುಲ್ಲರ್ ಆಟ. ಸಿಡಿಲು ಬಡಿದ ತಾಮ್ರಕ್ಕೆ ಶಕ್ತಿ ಬಂದು ಅಕ್ಕಿಕಾಳನ್ನು ಎಳೆಯುತ್ತದೆ, ವಿದೇಶದ ವಿಜ್ಞಾನಿಗಳು ಕೋಟಿ ಕೊಡುತ್ತಾರೆ, ಮೊದಲು ಟೆಸ್ಟಿಂಗ್ ಫೀಸು ಕಟ್ಟಿ ಅಂತ ಶುರು ಮಾಡುತ್ತಾರೆ. ಓದಿದವರೇ ಜಾಸ್ತಿ ಬೀಳುತ್ತಾರೆ. ತಾಮ್ರ ಅಕ್ಕಿ ಎಳೆಯುವುದಿಲ್ಲ. ತಾಮ್ರ ಕಬ್ಬಿಣವನ್ನೇ ಎಳೆಯುವುದಿಲ್ಲ, ಇನ್ನು ಅಕ್ಕಿ.

ನಾಣ್ಯವೂ ಸುಳ್ಳು. ರಾಮನ ಪಟ್ಟಾಭಿಷೇಕ, ಹನುಮಂತ, ಕಮಲ ಹಾಕಿದ ಆ ಒಂದಾಣೆ, ಅರ್ಧಾಣೆಗಳನ್ನು ಕಂಪನಿ ಟಂಕಿಸಿದ್ದೇ ಇಲ್ಲ. ಕಂಪನಿಯವರು ಮದ್ರಾಸಿನಲ್ಲಿ ದೇವರ ಚಿತ್ರದ ವರಾಹ ಹೊಡೆಸಿದ್ದು ಉಂಟು. ಅದು ಬೆರಳ ತುದಿಯಷ್ಟು ಪುಟ್ಟ ಚಿನ್ನ. ನಿಮಗೆ ತೋರಿಸಿದ್ದು ಬಿಸ್ಕತ್ತಿನ ಗಾತ್ರದ್ದು ಇರಬೇಕಲ್ಲ?

ನಾಣ್ಯದ ಆಸೆ ಇದ್ದರೆ ಬೆಳ್ಳಿ ರೂಪಾಯಿಯಿಂದ ಶುರು ಮಾಡಿ. ಐದನೇ ಜಾರ್ಜನ ರೂಪಾಯಿ 11.66 ಗ್ರಾಂ ತೂಗಬೇಕು, ಅದರಲ್ಲಿ ಬೆಳ್ಳಿ ನೂರಕ್ಕೆ 91.7. ಸವೆದಿದ್ದರೆ ಸ್ವಲ್ಪ ಕಮ್ಮಿ ಬರುತ್ತದೆ. ಹತ್ತೂವರೆ ಬಂದರೆ ಅನುಮಾನ ಪಡಿ. ಯುದ್ಧದ ಕಾಲದಲ್ಲಿ, 1940ರಿಂದ, ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರ ರೂಪಾಯಿ ಪೂರಾ ನಿಕ್ಕಲ್, ಅಯಸ್ಕಾಂತಕ್ಕೆ ಅಂಟುತ್ತದೆ. ಒಂದು ಅಯಸ್ಕಾಂತ, ಒಂದು ಜೇಬು ತಕ್ಕಡಿ ಇದ್ದರೆ ಅರ್ಧ ಮೋಸ ಅಲ್ಲೇ ತಪ್ಪುತ್ತದೆ. 1911ರದ್ದು ಸಿಕ್ಕರೆ ಮಾತ್ರ ಬಿಡಬೇಡಿ. ರಾಜನ ನಿಲುವಂಗಿಯ ಮೇಲಿನ ಆನೆ ಹಂದಿ ಥರ ಕಾಣುತ್ತದೆ ಅಂತ ಜನ ಗಲಾಟೆ ಮಾಡಿ, ವಾಪಸ್ ತಗೊಂಡು ಕರಗಿಸಿದ್ದರು. ಮುಂದಿನ ವರ್ಷ ಆನೆಗೆ ಸರಿಯಾದ ಸೊಂಡಿಲು ಬಂತು.

ನನಗೆ ನಾಣ್ಯಕ್ಕಿಂತ ತೂಕದ ಬಟ್ಟು ಇಷ್ಟ. ಸೇರು, ತೊಲ, ಮಣದ ಕಾಲದ್ದು. ಅದರ ತಳದಲ್ಲಿ ಸೀಸ ತುಂಬಿದ ಗುಳಿ ಇರುತ್ತದೆ, ಪರೀಕ್ಷೆ ಮಾಡಿದಾಗಲೆಲ್ಲ ಇನ್‌ಸ್ಪೆಕ್ಟರು ಅದರ ಮೇಲೆ ಮುದ್ರೆ ಒತ್ತುತ್ತಿದ್ದರು. 1958ರಲ್ಲಿ ಕಿಲೋ ಲೆಕ್ಕ ಶುರುವಾಗಿ ನಾಲ್ಕು ವರ್ಷದಲ್ಲಿ ಹಳೇ ಬಟ್ಟುಗಳೆಲ್ಲ ಬಾಗಿಲು ತಡೆಯಲು ಹೋದವು. ಈಗಲೂ ಹಳೇ ಅಂಗಡಿಗೆ ಹೋದಾಗ ನಾನು ಮೊದಲು ನೋಡುವುದು ಬಾಗಿಲಿಗೆ ಏನು ಅಡ್ಡ ಇಟ್ಟಿದ್ದಾರೆ ಅಂತ. ಯಾರೂ ಇದಕ್ಕೆ ನಕಲಿ ಮಾಡುವುದಿಲ್ಲ, ಲಾಭ ಇಲ್ಲ.

ಸಂಡೇ ಬಜಾರಿಗೆ ಹೋಗಿ, ಒಂದು ಸಲ ನೋಡಬೇಕಾದ್ದೇ. ಚಿಕ್ಕಪೇಟೆ, ಅವೆನ್ಯೂ ರಸ್ತೆ ಆಸುಪಾಸು, ಅಂಗಡಿಗಳ ಬಾಗಿಲು ಹಾಕಿದ ಭಾನುವಾರ ಫುಟ್‌ಪಾತ್ ತುಂಬ. ಬೆಳಕು ಹರಿಯುವ ಹೊತ್ತಿಗೆ ಅಲ್ಲಿರಬೇಕು, ಡೀಲರುಗಳು ಟಾರ್ಚ್ ಹಿಡಿದು ಆಗಲೇ ಮುಗಿಸಿರುತ್ತಾರೆ. ಪರ್ಸ್ ಮುಂದಿನ ಜೇಬಿನಲ್ಲಿ. ಕ್ಯಾಮೆರಾ, ಮೊಬೈಲ್ ಕಮ್ಮಿಗೆ ಕೊಟ್ಟರೆ ತಗೊಳ್ಳಬೇಡಿ, ಎಲ್ಲಿಂದ ಬಂತೋ. ಕೊಚ್ಚಿಯಲ್ಲಿ ಮಟ್ಟಾಂಚೇರಿಯ ಸಿನಗಾಗ್ ಇರುವ ಬೀದಿ ಕಣ್ಣಿಗೆ ಹಬ್ಬ, ಜೇಬಿಗೆ ತಿಥಿ. ಅಲ್ಲಿ ನೋಡಿ ಕಲಿಯಿರಿ. ಪೆಟ್ಟಿಗೆಯ ಕೊಂಡಿ ಹೇಗಿದೆ, ಡ್ರಾಯರಿನ ಹಿಂಬದಿ ಹೇಗಿದೆ ಅಂತ ಮುಟ್ಟಿ ನೋಡಿ. ಹಳೇ ಆಚಾರಿ ಡ್ರಾಯರಿನ ಹಿಂದೆ ಪಾಲಿಶ್ ಹಾಕಲ್ಲ, ಯಾರು ನೋಡ್ತಾರೆ ಅಂತ. ಮರದಲ್ಲಿ ಹುಳದ ತೂತು ಇದ್ದರೆ ತಟ್ಟಿ ನೋಡಿ, ತಾಜಾ ಪುಡಿ ಉದುರಿದರೆ ಹುಳ ಇನ್ನೂ ಒಳಗಿದೆ, ನಿಮ್ಮ ಮನೆಯ ಮಂಚಕ್ಕೂ ಬರುತ್ತದೆ.

ಕಲ್ಲಿನ ವಿಗ್ರಹ, ಕಂಚಿನ ಮೂರ್ತಿ, ತಾಳೆಗರಿ ಇಂಥದ್ದು ಎಲ್ಲಿ ಕಂಡರೂ ದೂರ ಇರಿ. ನೂರು ವರ್ಷ ದಾಟಿದ ಇಂಥ ವಸ್ತು, ಕೈಬರಹವಾದರೆ 75 ವರ್ಷ, ಅದಕ್ಕೆ ಬೇರೆಯೇ ಕಾನೂನು ಇದೆ. ಮೂರ್ತಿಯನ್ನು ನೋಂದಣಿ ಮಾಡಿಸಬೇಕು, ವ್ಯಾಪಾರ ಮಾಡುವವನಿಗೆ ಲೈಸೆನ್ಸ್ ಬೇಕು. ದೇವಸ್ಥಾನದಿಂದ ಕದ್ದದ್ದೂ ಇದೇ ದಾರಿಯಲ್ಲಿ ಬರುತ್ತದೆ.

---

ಕುಶಾಲನಗರ_ಮೇಷ್ಟ್ರು

ಬ್ಲಾಕ್ ಮಾಡಿದೆ ಸಾರ್.

ಬೈಪಾಸ್ ಹತ್ರದ ಗೋದಾಮಿಗೆ ಹೋಗಿದ್ದೆ. ಬೀಡಿನ ರಾಶಿಯಲ್ಲಿ ನಿಜವಾಗಲೂ ಒಂದು ಸಿಕ್ಕಿತು! ಮೈ ಮೇಲೆ ಸ್ಪಾಂಗ್ ಅಂತ ಇದೆ, ಪಕ್ಕದಲ್ಲಿ 2. ಹಿಡಿ ಇದೆ, ಮರದ ಗುಂಡು ಇಲ್ಲ. ತಿರುಗಿಸಿದರೆ ಒಂದು ಕಡೆ ಸ್ವಲ್ಪ ಉಜ್ಜುತ್ತದೆ. ಗೋದಾಮಿನವರು ಎಂಟುನೂರು ಅಂದಿದ್ದಾರೆ, ನಾಳೆ ತನಕ ತೆಗೆದಿಡ್ತೀನಿ ಅಂದರು. ತಗೊಳ್ಳಲಾ?

---

ತೋಟದ_ರೈಟರ್

ಉಜ್ಜುವುದು ಸುತ್ತಿನಲ್ಲಿ ಅದೇ ಜಾಗದಲ್ಲಾ? ಮುಂದಿನ ತಿರುಪು ಪೂರ್ತಿ ಸಡಿಲ ಮಾಡಿ ಇನ್ನೊಂದು ಸಲ ತಿರುಗಿಸಿ ನೋಡಿ. ಎಷ್ಟೋ ಸಲ ಹಲ್ಲಿನ ಸಂದಿಯಲ್ಲಿ ಹಳೇ ಕಾಫಿಪುಡಿ ಕಲ್ಲಾಗಿ ಕೂತಿರುತ್ತದೆ, ಅದೂ ಹಾಗೇ ಉಜ್ಜುತ್ತದೆ. ಮುಚ್ಚಳದ ತಿರುಪುಗಳಿಗೆ ಇವತ್ತೇ ನಾಲ್ಕು ಹನಿ ಸೀಮೆಎಣ್ಣೆ ಬಿಡಲು ಅವನಿಗೆ ಹೇಳಿ, ನಾಳೆ ಬಿಚ್ಚಲು ಬರುತ್ತದೆ. ಒಳಗೆ ಪುಡಿ ಕಂಡರೆ ಎಂಟುನೂರು ಕೊಟ್ಟು ಕಣ್ಣುಮುಚ್ಚಿ ತನ್ನಿ. ದಂಡ ಬಾಗಿದ್ದರೆ ಮುನ್ನೂರಕ್ಕೆ ಕೇಳಿ, ಬಿಡಿಭಾಗಕ್ಕೆ ನಾನೇ ತಗೊಳ್ಳುತ್ತೇನೆ.

ಮರದ ಗುಂಡಿಗೆ ಒಣಗಿದ ಕಾಫಿ ಗಿಡದ ಕಾಂಡ ಆಗುತ್ತದೆ, ಗಟ್ಟಿ ಇರುತ್ತದೆ, ಸೀಳಲ್ಲ. ಶುಕ್ರವಾರ ಮಡಿಕೇರಿ ಸಂತೆಗೆ ಬರುತ್ತಿದ್ದೇನೆ. ನೀವೂ ಬಂದರೆ ಒಂದು ತುಂಡು ತಂದುಕೊಡುತ್ತೇನೆ. ಹಿಡಿಯ ಕಡ್ಡಿಯ ದಪ್ಪ ಅಳತೆ ಮಾಡಿಕೊಂಡು ಬನ್ನಿ.